ಹಿತ್ತಲ ಬಾಗಿಲಿನ ಊಟ

ರಾಣೆಬೆನ್ನೂರು ಸೀಮೆಯ ಕುಪ್ಪೇಲೂರಿನ ಯಾವ ಮನೆಗಾದರೂ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ನೋಡಿ. ಮಧ್ಯಾಹ್ನದ ಊಟ ಮುಗಿದು, ಭಾಂಡೆ ತಿಕ್ಕಿ ಬೋರಲು ಹಾಕಿದ ಮೇಲೆ ಹೋದರೂ ಸರಿ. "ಬರ್ರಿ, ಕೈಕಾಲು ತೊಳಕೊಳ್ರಿ, ಒಂದ್ ರೊಟ್ಟಿ ಉಣ್ರಿ" ಎನ್ನುವ ಮನೆಯಾಕೆ ಒಲೆಯ ಕಡೆ ತಿರುಗಿಯೂ ನೋಡುವುದಿಲ್ಲ. ಬುಟ್ಟಿಯಲ್ಲಿ ಬಿಳಿ ಅರಿವೆ ಸುತ್ತಿಟ್ಟ ಖಡಕ್ ರೊಟ್ಟಿ ಇದೆ. ಡಬ್ಬಿಗಳಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಇವೆ. ಗಡಿಗೆಯಲ್ಲಿ ಮೊಸರಿದೆ. ಆಕೆ ಹೋಗುವುದು ಹಿತ್ತಲ ಬಾಗಿಲಿಗೆ. ಎರಡು ಎಳೆ ಮೂಲಂಗಿ, ಒಂದು ಹಿಡಿ ಮೆಂತ್ಯ ಸೊಪ್ಪು, ಬೇಲಿಯ ಮೇಲಿನ ಒಂದು ಸೌತೆ ಕಿತ್ತು, ಬಕೆಟ್ ನೀರಲ್ಲಿ ಅದ್ದಿ ಝಾಡಿಸಿ ತಾಟಿನ ಅಂಚಿಗೆ ಇಡುತ್ತಾಳೆ. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆಯುತ್ತಾಳೆ. ಊಟ ತಯಾರು.

ಮನೆಮಂದಿಯ ಸರಳ ಊಟಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ಬೇರೆಲ್ಲೂ ಕಂಡಿಲ್ಲ. ಈಗ ಎಲ್ಲರೂ ಹತ್ತು ನಿಮಿಷದಲ್ಲಿ ಆಗುವ ಅಡುಗೆ ಯಾವುದು ಎಂದು ಹುಡುಕುತ್ತಾರೆ. ನೌಕರಿಗೆ ಹೋಗುವ ತಾಯಿ, ಶಾಲೆಯಿಂದ ಹಸಿದು ಬರುವ ಮಕ್ಕಳು, ಎಲ್ಲರಿಗೂ ಅವಸರ. ಹೊಲದ ಕೆಲಸಕ್ಕೆ ಹೊತ್ತು ಮೂಡುವ ಮುಂಚೆ ಬುತ್ತಿ ಕಟ್ಟಬೇಕಿದ್ದ ನಮ್ಮ ಹೆಣ್ಣುಮಕ್ಕಳಿಗೆ ಇದಕ್ಕಿಂತ ದೊಡ್ಡ ಅವಸರವಿತ್ತು. ಅವರು ಊಟವನ್ನು ಎರಡು ಪಾಲು ಮಾಡಿಕೊಂಡರು. ಕೆಡದೆ ಉಳಿಯುವ ಪಾಲನ್ನು ಬಿಡುವಿದ್ದಾಗ ಮಾಡಿಟ್ಟರು. ಕೂಡಲೇ ತಿನ್ನಬೇಕಾದ ಪಾಲನ್ನು ಹಿತ್ತಲದಲ್ಲಿ ಬೆಳೆಯಲು ಬಿಟ್ಟರು. ಉಣ್ಣುವ ಹೊತ್ತಿಗೆ ಎರಡನ್ನೂ ಒಂದು ತಾಟಿಗೆ ತರುವುದಷ್ಟೇ ಉಳಿಯಿತು.

ಮಾಡಿಡುವ ಪಾಲಿನಲ್ಲಿ ಕಷ್ಟವಿಲ್ಲ ಎಂದು ನಾನು ಹೇಳುವುದಿಲ್ಲ. ರೊಟ್ಟಿ ಬಡಿಯುವುದು ತೋಳಿನ ಕೆಲಸ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ತಣ್ಣೀರಲ್ಲಿ ಕಲಸಿದರೆ ಬಿರುಕು ಬಿಡುತ್ತದೆ. ಕುದಿಯುವ ಎಸರು ಸುರಿದಾಗ ಹಿಟ್ಟು ಅರೆ ಬೆಂದು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಆ ಬಿಸಿಯಲ್ಲೇ ಅಂಗೈ ಸುಟ್ಟುಕೊಂಡು ನಾದಬೇಕು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ಒದ್ದೆ ಅರಿವೆ ಸವರಿ, ತಿರುವಿ, ಉಬ್ಬಿಸಿ, ಆಮೇಲೆ ಒಲೆಯ ಮಗ್ಗುಲಿಗೆ ನಿಲ್ಲಿಸಿದರೆ ಕಾವಿಗೆ ಒಣಗಿ ಖಡಕ್ ಆಗುತ್ತದೆ. ನೀರಿನ ಪಸೆ ಹೋದ ರೊಟ್ಟಿಗೆ ಬೂಜು ಹಿಡಿಯುವುದಿಲ್ಲ, ವಾರಗಟ್ಟಲೆ ಬಾಳುತ್ತದೆ. ಹಿಂಡಿಯೂ ಹಾಗೆಯೇ. ಶೇಂಗಾ ಹುರಿದು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಬ್ಯಾಡಗಿ ಖಾರ ಕೂಡಿಸಿ ಒರಳಿನಲ್ಲಿ ಕುಟ್ಟಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಮಿಕ್ಸರಿನಲ್ಲಿ ಮಾಡಿದ್ದು ಪುಡಿಯಾಗಿಯೇ ಉಳಿದುಬಿಡುತ್ತದೆ. ರುಚಿಯ ಮಾತು ಬಂದರೆ ನನ್ನ ಮತ ಒರಳಿಗೇ.

ಖಾರ ಎಂದಾಗ ಬ್ಯಾಡಗಿಯ ಹೆಸರು ಎತ್ತದೆ ಮುಂದೆ ಹೋಗುವುದು ನಮ್ಮ ಸೀಮೆಯವರಿಗೆ ಆಗದ ಮಾತು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಉರಿ ಕಡಿಮೆ. ಅದರ ಬಗೆಗಳಲ್ಲಿ ಡಬ್ಬಿ ಎಂಬುದು ಗಿಡ್ಡಗೆ ದುಂಡಗೆ ಇದ್ದು ಬೀಜ ತುಂಬಿಕೊಂಡಿರುತ್ತದೆ. ಕಡ್ಡಿ ಉದ್ದಕ್ಕೆ ತೆಳ್ಳಗೆ, ಮೈಯೆಲ್ಲ ಸುಕ್ಕು. ಹೊಲದಲ್ಲಿ ಕಾಯಿ ಹಣ್ಣಾಗಿ, ಇನ್ನೂ ಒಣಗದೆ ಹಸಿಯಾಗಿರುವ ಚಳಿಗಾಲದ ಕೆಲವು ವಾರಗಳಲ್ಲಿ ಮನೆಮನೆಯಲ್ಲಿ ಕೆಂಪು ಹಿಂಡಿ ಆಗುತ್ತದೆ. ಹಣ್ಣುಮೆಣಸಿನಕಾಯಿ, ಉಪ್ಪು, ಹುಣಸೆಹಣ್ಣು, ಬೆಲ್ಲ, ಬೆಳ್ಳುಳ್ಳಿ, ಹುರಿದ ಮೆಂತ್ಯ, ಇಷ್ಟೇ. ಆದರೆ ಭರಣಿಗೆ ತುಂಬಿ ಬಾಯಿಗೆ ಅರಿವೆ ಕಟ್ಟಿದ ಮೇಲೆ ದಿನದಿನಕ್ಕೆ ಅದರ ಹುಳಿ ಏರುವುದನ್ನು ನಾಲಗೆಯೇ ಹೇಳಬೇಕು. ಬಿಸಿ ರೊಟ್ಟಿಯ ಮೇಲೆ ಇದನ್ನು ಸವರಿ, ನಡುವೆ ಬೆರಳಿನಿಂದ ಗುಳಿ ಮಾಡಿ ಹಸಿ ಎಣ್ಣೆ ಬಿಟ್ಟರೆ ಬೇರೆ ಪಲ್ಯೆ ಕೇಳುವವರಿಲ್ಲ.

ಮಕ್ಕಳಿಗೆ ಆಟವೂ ಆಗಬೇಕು, ಹೊಟ್ಟೆಯೂ ತುಂಬಬೇಕು ಎಂದರೆ ಮುಟಗಿ ಮಾಡಬೇಕು. ಇದನ್ನು ನಾನು ಎಲ್ಲ ತಿನಿಸುಗಳ ಮುಂದೆ ಇಡುತ್ತೇನೆ. ಹಂಚಿನಿಂದ ಇಳಿಸಿದ ಮೆತ್ತನೆಯ ರೊಟ್ಟಿಯನ್ನು ಆರಲು ಬಿಡದೆ ಚೂರು ಮಾಡಿ ಒರಳಿಗೆ ಹಾಕುತ್ತಾರೆ. ಜೊತೆಗೆ ಹಸಿಮೆಣಸಿನಕಾಯಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಚಿಟಿಕೆ ಜೀರಿಗೆ, ಉಪ್ಪು. ಕುಟ್ಟುತ್ತ ಹೋದಂತೆ ಬೆಳ್ಳುಳ್ಳಿಯ ಘಾಟು ಬಿಸಿ ಹಬೆಯೊಡನೆ ಏಳುತ್ತದೆ. ಒಂದು ಚಮಚ ಕುಸುಬಿ ಎಣ್ಣೆ ಅಥವಾ ಬೆಣ್ಣೆ ಬಿಟ್ಟು, ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಅದುಮಿದರೆ ಮುಟಗಿ ಆಯಿತು. ಬೆರಳು ಒತ್ತಿದ ಗೆರೆಗಳು ಅದರ ಮೇಲೆ ಹಾಗೆಯೇ ಉಳಿಯುತ್ತವೆ. ತಾಟಿನಲ್ಲಿ ಸಾಲಾಗಿಟ್ಟರೆ ಅಜ್ಜಿಯದು ಯಾವುದು, ಅವ್ವನದು ಯಾವುದು, ಕಿರಿ ಮಗಳ ಪುಟ್ಟ ಮುಷ್ಟಿಯದು ಯಾವುದು ಎಂದು ನೋಡಿದವರು ಹೇಳಬಹುದು. ಮಕ್ಕಳು ತಾವು ಕಟ್ಟಿದ್ದನ್ನು ಅಪ್ಪನಿಗೆ ಕೊಟ್ಟು, ಅಪ್ಪ ಕಟ್ಟಿದ್ದನ್ನು ತಾವು ತಿನ್ನುತ್ತಾರೆ. ರೊಟ್ಟಿ ಬಿಸಿಯಿದ್ದಾಗಲೇ ಕುಟ್ಟಬೇಕೆನ್ನುವುದಕ್ಕೆ ಕಾರಣವಿದೆ: ಬೆಂದ ಜೋಳದ ಪಿಷ್ಟ ಕಾವಿರುವವರೆಗೆ ಮೆತ್ತಗಿದ್ದು ಕೂಡಿಕೊಳ್ಳುತ್ತದೆ, ಆರಿದ ಮೇಲೆ ಬಿರುಸಾಗಿ ಉದುರುತ್ತದೆ. ಹೀಗಾಗಿ ಮುಟಗಿಗೆ ಎಲ್ಲರೂ ಒಂದೇ ಹೊತ್ತಿಗೆ ಒಲೆಯ ಸುತ್ತ ಕೂಡಲೇಬೇಕು.

ಮಂಡಕ್ಕಿಯ ಸಂಭ್ರಮ ಬೇರೆ. ನೀರಲ್ಲಿ ನೆನೆಸಿ ಹಿಂಡಿದ ಒಗ್ಗರಣೆ ಮಂಡಕ್ಕಿ ನಾಷ್ಟಕ್ಕೆ; ಸಂಜೆಗೆ ಗಿರ್ಮಿಟ್. ಉಳ್ಳಾಗಡ್ಡಿ, ಟೊಮ್ಯಾಟೊ, ಹುಣಸೆ, ಬೆಲ್ಲದ ಒಗ್ಗರಣೆಯಲ್ಲಿ ಮಂಡಕ್ಕಿ ಹೊರಳಿಸಿ ಪುಟಾಣಿ ಹಿಟ್ಟು ಉದುರಿಸಿ, ಮಗ್ಗುಲಿಗೊಂದು ಮಿರ್ಚಿ. ಕೊತ್ತಂಬರಿ ಮಾತ್ರ ಆಗ ತಾನೇ ಕಿತ್ತದ್ದಾಗಿರಬೇಕು.

ಇನ್ನು ಹಿತ್ತಲ. ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲಿ ಬಾಳೆ, ಕೆಸು. ಮೂಲೆಗೆ ನುಗ್ಗೆ, ಕರಿಬೇವು. ದನದ ಕೊಟ್ಟಿಗೆಯ ಮೇಲೆ ಹೀರೆ ಬಳ್ಳಿ. ಬೇಲಿಗುಂಟ ಅವರೆ. ಯಾರೂ ಇದಕ್ಕೆ ನಕ್ಷೆ ಬರೆಯಲಿಲ್ಲ. ನೀರು ಎಲ್ಲಿದೆ, ಬಿಸಿಲು ಎಲ್ಲಿದೆ, ಹಬ್ಬಲು ಆಸರೆ ಎಲ್ಲಿದೆ ಎಂದು ನೋಡಿ ಬೀಜ ಊರಿದರು. ಹಳೆಯ ತಳಿಯ ಅವರೆ ಹಗಲು ಗಿಡ್ಡವಾಗುವವರೆಗೆ ಹೂ ಬಿಡುವುದಿಲ್ಲ. ಮಳೆಗಾಲವೆಲ್ಲ ಬರೀ ಬಳ್ಳಿಯಾಗಿ ಹಬ್ಬಿ, ಚಳಿ ಬಿದ್ದ ಮೇಲೆ ಗೊಂಚಲು ಗೊಂಚಲು ಕಾಯಿ ಕೊಡುತ್ತದೆ. ಹೀರೆಯ ಹಳದಿ ಹೂ ಅರಳುವುದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಆಗ ಅದಕ್ಕೆ ಪತಂಗಗಳು ಬರುತ್ತವೆ. ಕುಂಬಳದ ಹೂ ಮುಂಜಾನೆಯದು, ಅದು ಜೇನಿನ ಪಾಲು. ಒಂದು ಹೀರೆಬಳ್ಳಿಯಿಂದ ಪಲ್ಯೆ, ಬಜ್ಜಿ, ಸಿಪ್ಪೆಯ ಚಟ್ನಿ ಮೂರೂ ಆಗುತ್ತವೆ. ಬಳ್ಳಿಯಲ್ಲೇ ಒಣಗಿಸಿದ ಕಾಯಿ ಬರುವ ವರ್ಷದ ಬೀಜದ ಡಬ್ಬಿ, ಬೀಜ ತೆಗೆದ ಮೇಲೆ ಉಳಿದ ನಾರು ಮೈ ತಿಕ್ಕಲು.

ರಾಣೆಬೆನ್ನೂರು ಸೀಮೆಯ ಮಕ್ಕಳಿಗೆ ಹೂವಿನ ಈ ಸಂಗತಿ ಪುಸ್ತಕದಿಂದ ಗೊತ್ತಾಗಬೇಕಿಲ್ಲ. ಈ ಭಾಗ ತರಕಾರಿ ಬೀಜೋತ್ಪಾದನೆಗೆ ಹೆಸರಾದದ್ದು. ಕಂಪನಿಗಳಿಗೆ ಟೊಮ್ಯಾಟೊ, ಬೆಂಡೆ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಬೆಳೆದುಕೊಡುವ ಹೊಲಗಳಲ್ಲಿ ಎಷ್ಟೋ ತಾಯಂದಿರು ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾರೆ. ನಾಳೆ ಅರಳುವ ಬೆಂಡೆಯ ಮೊಗ್ಗನ್ನು ಇವತ್ತು ಸಂಜೆಯೇ ಬಿಡಿಸಿ ಅದರ ಪರಾಗದ ಭಾಗ ತೆಗೆದುಬಿಡುವುದು, ಮರುದಿನ ಮುಂಜಾನೆ ಗಂಡು ಸಾಲಿನ ಹೂ ತಂದು ಮುಟ್ಟಿಸುವುದು. ಅಷ್ಟು ಸೂಕ್ಷ್ಮವಾದ ಕೆಲಸ ಮಾಡುವ ಬೆರಳುಗಳವು. ದೇಶದ ಎಷ್ಟೋ ಊರುಗಳ ಕಾಯಿಪಲ್ಯೆಗೆ ಬೀಜ ಕೊಡುವ ಕೈಗಳು ತಮ್ಮ ಹಿತ್ತಲಕ್ಕೆ ಮಾತ್ರ ಅಜ್ಜಿ ಬೂದಿಯಲ್ಲಿ ಕಲಸಿಟ್ಟ ಅವರೆ, ಗೋಡೆಯ ಸಗಣಿ ಬಿಲ್ಲೆಯೊಳಗಿನ ಸೌತೆ ಬೀಜವನ್ನೇ ಹಾಕುತ್ತವೆ. ಅದು ಸರಿಯೂ ಹೌದು. ಹೈಬ್ರಿಡ್ ಕಾಯಿಯ ಬೀಜ ತೆಗೆದು ಮತ್ತೆ ಹಾಕಿದರೆ ತಾಯಿಯ ಗುಣ ಒಂದೇ ಸಮನೆ ಬರುವುದಿಲ್ಲ. ಹಿತ್ತಲದ ತಳಿಯಲ್ಲಿ ಅದು ಬರುತ್ತದೆ.

ಈ ತಾಟಿನಲ್ಲಿರುವ ಎಲ್ಲವೂ ನಮ್ಮ ನೆಲದಲ್ಲೇ ಹುಟ್ಟಿದ್ದಲ್ಲ ಎನ್ನುವುದು ನನಗೆ ಬಹಳ ಇಷ್ಟದ ಸಂಗತಿ. ಬದನೆ, ಸೌತೆ ಭಾರತದ್ದು. ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದದ್ದು, ಗುರೆಳ್ಳಿನ ತವರು ಇಥಿಯೋಪಿಯ. ಶೇಂಗಾ ಮತ್ತು ಮೆಣಸಿನಕಾಯಿ ಅಮೆರಿಕ ಖಂಡದವು. ಮೆಣಸಿನಕಾಯಿಯನ್ನು ಪೋರ್ಚುಗೀಸರು ಹಡಗಿನಲ್ಲಿ ತಂದು ಸುಮಾರು 500 ವರ್ಷವಾಗಿದೆ, ಅಷ್ಟೇ. ಬಂದವುಗಳನ್ನೆಲ್ಲ ನಮ್ಮ ಹೆಣ್ಣುಮಕ್ಕಳು ಸೊಸೆಯನ್ನು ತುಂಬಿಸಿಕೊಂಡಂತೆ ಮನೆತುಂಬಿಸಿಕೊಂಡರು. ಈಗ ಬ್ಯಾಡಗಿ ಎಂದರೆ ಮೆಣಸಿನಕಾಯಿ, ಮೆಣಸಿನಕಾಯಿ ಎಂದರೆ ಬ್ಯಾಡಗಿ.

ಇಷ್ಟೆಲ್ಲ ಇದ್ದರೂ ಒಂದು ವಿಷಯಕ್ಕೆ ನನಗೆ ಸಂಕಟವಾಗುತ್ತದೆ. ಎರೆಹೊಲಗಳಲ್ಲಿ ಬಿಳಿಜೋಳದ ಜಾಗಕ್ಕೆ ಗೋವಿನಜೋಳ, ಹತ್ತಿ ಬಂದಿವೆ. ರೈತ ಲೆಕ್ಕ ಹಾಕಿಯೇ ಬಿತ್ತುತ್ತಾನೆ, ಅವನನ್ನು ದೂರುವ ಹಕ್ಕು ನನಗಿಲ್ಲ. ಆದರೆ ಜೋಳದ ಸಾಲುಗಳ ನಡುವೆ ತಾನಾಗಿ ಹುಟ್ಟುತ್ತಿದ್ದ ಹಕ್ಕರಕಿ ಸೊಪ್ಪು ಕಳೆನಾಶಕದ ಹೊಲದಲ್ಲಿ ಉಳಿಯುವುದಿಲ್ಲ. ತುಸು ಕಹಿ, ತುಸು ನೀರಾದ ಆ ಎಲೆ ಗುರೆಳ್ಳು ಹಿಂಡಿಯ ಜೊತೆ ರೊಟ್ಟಿಗೆ ಬಂದರೆ ಚಳಿಗಾಲ ಬಂತೆಂದೇ ಅರ್ಥ. ಪುಂಡಿ ಸೊಪ್ಪಿನದೂ ಇದೇ ಕತೆ. ಹುಳಿ ಎಲೆಯನ್ನು ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿಯೊಡನೆ ಕುದಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಪಲ್ಯೆ ಮಾಡಿದ ದಿನಕ್ಕಿಂತ ಮರುದಿನ ರುಚಿ. ಕೆಲಸಕ್ಕೆ ಹೋಗುವವರ ಮನೆಗೆ ಹೇಳಿ ಮಾಡಿಸಿದ್ದು. ಹೊಲದ ಬದುವಿನಲ್ಲಿ ಪುಂಡಿ ಇಲ್ಲದಿದ್ದರೆ ಹಿತ್ತಲದಲ್ಲಾದರೂ ಇರಲಿ.

ಸೀಗೆಹುಣ್ಣಿಮೆಯ ದಿನ ಇವೆಲ್ಲವೂ ಒಟ್ಟಿಗೆ ಸಿಗುತ್ತವೆ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯೆ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಮೊಸರು ಬುತ್ತಿ ಕಟ್ಟಿಕೊಂಡು ಮನೆಮಂದಿ ಹೊಲಕ್ಕೆ ಹೋಗಿ, ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಬೆಳೆಗೆ ಚರಗ ಚೆಲ್ಲುತ್ತಾರೆ. ಆಮೇಲೆ ಪೈರಿನ ನಡುವೆ ಕುಳಿತು ಉಣ್ಣುವುದು. ಮನೆಯಲ್ಲಿ ಅರ್ಧ ರೊಟ್ಟಿಗೆ ಸಾಕೆನ್ನುವ ಮಗು ಅಲ್ಲಿ "ಇನ್ನೊಂದ್ ಹಾಕಬೇ" ಎನ್ನುತ್ತದೆ. ಅಕ್ಕಪಕ್ಕದ ಹೊಲದವರು ಕರೆದು ತಾಟು ಬದಲಾಯಿಸಿಕೊಳ್ಳುತ್ತಾರೆ, ಒಬ್ಬರ ಎಣ್ಣೆಗಾಯಿ ಇನ್ನೊಬ್ಬರ ರೊಟ್ಟಿಗೆ.

ಬೆಂಗಳೂರಿನ ಮೂರನೆಯ ಮಹಡಿಯಲ್ಲಿರುವ ನಮ್ಮ ಸೀಮೆಯ ಎಷ್ಟೋ ಮನೆಗಳಿಗೆ ರೊಟ್ಟಿ, ಹಿಂಡಿ ಬಸ್ಸಿನಲ್ಲಿ ಬರುತ್ತವೆ. ತಾಟಿನ ಹಸಿ ಪಾಲು ಮಾತ್ರ ಬಸ್ಸಿನಲ್ಲಿ ಬರಲಾರದು, ಅದನ್ನು ಇದ್ದಲ್ಲೇ ಬೆಳೆಯಬೇಕು. ಸೀಳಿದ ಬಕೆಟ್ಟು, ಖಾಲಿ ಬಣ್ಣದ ಡಬ್ಬಿ ಸಾಕು. ತಳಕ್ಕೆ ತೂತು ಇರಲಿ, ದಿನಕ್ಕೆ ನಾಲ್ಕೈದು ತಾಸು ಬಿಸಿಲು ಬೀಳಲಿ. ಅಡುಗೆಮನೆಯ ಡಬ್ಬಿಯ ಮೆಂತ್ಯವನ್ನೇ ಒಂದು ರಾತ್ರಿ ನೆನೆಸಿ ಚೆಲ್ಲಿ ತೆಳ್ಳಗೆ ಮಣ್ಣು ಮುಚ್ಚಿದರೆ ಮೂರು ನಾಲ್ಕು ವಾರಕ್ಕೆ ಕೀಳಬಹುದು. ಕೊತ್ತಂಬರಿಯ ಕಾಳನ್ನು ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ ಹಾಕಿ, ಒಂದೊಂದು ಹೋಳಿನಲ್ಲೂ ಒಂದೊಂದು ಬೀಜವಿದೆ. ಮೊಳೆತ ಉಳ್ಳಾಗಡ್ಡಿಯನ್ನು ಎಸೆಯದೆ ನೆಟ್ಟರೆ ತಪ್ಪಲು ಸಿಗುತ್ತದೆ, ಅದನ್ನು ಹೆಚ್ಚಿ ಜುಣಕಕ್ಕೆ ಹಾಕಿ ನೋಡಿ. ನೀರು ಹಾಕುವ ಕೆಲಸ ಮಕ್ಕಳದೇ ಆಗಿರಲಿ. ತಾನು ಕಿತ್ತು ತಂದ ಮೆಂತ್ಯವನ್ನು ಬೇಡವೆನ್ನುವ ಮಗುವನ್ನು ನಾನು ನೋಡಿಲ್ಲ.

ಬೇಸಿಗೆ ರಜೆಗೆ ಊರಿಗೆ ಹೋದವರು ವಾಪಸ್ ಹೊರಡುವಾಗ ರೊಟ್ಟಿ, ಹಿಂಡಿಯ ಗಂಟಿನ ಜೊತೆ ಬೀಜವನ್ನೂ ಕೇಳಿ. ಪುಂಡಿ, ಹೀರೆ, ಬೇಲಿ ಅವರೆ, ಸಿಕ್ಕರೆ ಹಕ್ಕರಕಿ. ಅಜ್ಜಿ ಸೆರಗಿನ ತುದಿಯಿಂದಲೋ ಹಳೆಯ ಡಬ್ಬಿಯಿಂದಲೋ ತೆಗೆದು ಕೊಡುತ್ತಾಳೆ. ಯಾವ ಮಳೆಗೆ ಹಾಕಬೇಕೆನ್ನುವುದನ್ನೂ ಆಗಲೇ ಕೇಳಿ ಬರೆದುಕೊಳ್ಳಿ. ಹೀರೆಗೆ ರೋಹಿಣಿ ಮಳೆ ಬೀಳುವವರೆಗೆ ಕಾಯಬೇಕು. ಮೆಂತ್ಯಕ್ಕೆ ಕಾಯಬೇಕಿಲ್ಲ, ಇವತ್ತು ರಾತ್ರಿಯೇ ನೆನೆಸಿಡಬಹುದು.