ಪೆಟ್ಟಿಗೆ ಹಾಡಬಾರದು

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನಗೆ ಹತ್ತಿದ ಹುಚ್ಚು ಸ್ಪೀಕರ್ ಪೆಟ್ಟಿಗೆ ಮಾಡುವುದು. ಮೊದಲನೆಯದನ್ನು ಅಟ್ಟದ ಮೇಲಿದ್ದ ತೆಳು ಹಲಸಿನ ಹಲಗೆಯಿಂದ ಮಾಡಿದೆ. ವೀಣೆ ಮಾಡುವ ಮರವಲ್ಲವೇ, ನಾದ ಚೆನ್ನಾಗಿಯೇ ಬರುತ್ತದೆಂಬ ಲೆಕ್ಕ. ತೀರಿಕೊಂಡ ನನ್ನವಳು ಹಾಡಿದ್ದ ಕ್ಯಾಸೆಟ್ ಹಾಕಿದೆ. ಅವಳನ್ನು ನೋಡೇ ಇಲ್ಲದ ಮೊಮ್ಮಗಳು ಕಿವಿಗೊಟ್ಟು ಕೇಳಿ, "ತಾತ, ಅಜ್ಜಿ ಮಡಕೆಯೊಳಗೆ ಕೂತು ಹಾಡಿದ ಹಾಗಿದೆ" ಎಂದಳು.

ಮಗು ಹೇಳಿದ್ದು ಸರಿ. ವೀಣೆಯ ಕೊಡ ತಂತಿಯ ಜೊತೆ ಕಂಪಿಸಬೇಕು. ಅದೇ ಅದರ ಕೆಲಸ. ಸ್ಪೀಕರಿನಲ್ಲಿ ಕಂಪಿಸಬೇಕಾದ್ದು ಕೋನ್ ಮಾತ್ರ. ಪೆಟ್ಟಿಗೆಯೂ ಕಂಪಿಸಿದರೆ ತನ್ನ ದನಿಯನ್ನು ಬೆರೆಸಿಬಿಡುತ್ತದೆ.

ಎರಡನೆಯ ಸಲ 18 ಮಿ.ಮೀ. ದಪ್ಪದ ಎಂಡಿಎಫ್ ತಂದೆ. ಮರದ ನಾರನ್ನು ಅಂಟು ಬೆರೆಸಿ ಒತ್ತಿದ ಹಲಗೆ ಅದು. ಭಾರ, ಗಂಟಿಲ್ಲ, ಬೆರಳಿನಿಂದ ತಟ್ಟಿದರೆ ಮಂದ ಸದ್ದು. ನೀರು ತಾಗಿದರೆ ಉಬ್ಬುತ್ತದೆ. ಕೊಯ್ಯುವಾಗ ಏಳುವ ದೂಳು ಎದೆಗೆ ಕೆಟ್ಟದ್ದು. ಆದ್ದರಿಂದ ಅಂಗಡಿಯಲ್ಲೇ ಕೊಯ್ಯಿಸಿ, ಒಳಗೊಂದು ಅಡ್ಡಪಟ್ಟಿ ಕೊಟ್ಟು ಜೋಡಿಸಿದೆ.

ಮತ್ತೆ ಅದೇ ಕ್ಯಾಸೆಟ್. ಸಾಲುಗಳ ನಡುವೆ ಅವಳು ಉಸಿರೆಳೆದುಕೊಂಡದ್ದೂ ಕೇಳಿಸಿತು. ನಾನು ಮಾತಾಡಲಿಲ್ಲ.

ಮೊಮ್ಮಗಳೇ ಹೇಳಿದಳು: "ಈಗ ಅಜ್ಜಿ ಹೊರಗೆ ಬಂದ್ರು, ತಾತ."