ಗೋವಿಂದನಹಳ್ಳಿಯ ಆರ್‌ಎಕ್ಸ್

ಕಿಕ್ಕೇರಿ ಸೀಮೆಯಲ್ಲಿ ಆರ್‌ಎಕ್ಸ್ ಸದ್ದು ಕೇಳಿದರೆ ಕಬ್ಬಿನ ಗದ್ದೆಯಲ್ಲಿದ್ದವರೂ ತಲೆಯೆತ್ತಿ ನೋಡುತ್ತಾರೆ. ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಜಗತ್ತಿನಾದ್ಯಂತ ಎಂಥ ಪ್ರೀತಿಯಿದೆಯೋ, ನಮ್ಮ ಕಡೆ ಅದೆಲ್ಲ ಸಂದಿರುವುದು ಈ ಬೈಕಿಗೆ. ಅಂಥ ಕಾರುಗಳಲ್ಲಿ ಮೇಲಿನ ಹೆಸರು ಟೊಯೊಟಾ 2000ಜಿಟಿ. 1967ರಿಂದ 1970ರವರೆಗೆ ತಯಾರಾದದ್ದು ಸುಮಾರು 350, ಅವನ್ನು ಕಟ್ಟಿದ್ದು ಯಮಹಾ. ಅದು ಕೆ.ಆರ್. ಪೇಟೆ ರಸ್ತೆಗೆ ಇಳಿಯುವ ಮಾತೇ ಇರಲಿಲ್ಲ. ಆದರೆ ಅದೇ ಯಮಹಾದ ಆರ್‌ಎಕ್ಸ್ 100 ಅನ್ನು ಎಸ್ಕಾರ್ಟ್ಸ್ ಕಂಪನಿ 1985ರಿಂದ 1996ರವರೆಗೆ ನಮ್ಮಲ್ಲೇ ತಯಾರಿಸಿತು. ಜಪಾನಿನ ಓಟದ ರುಚಿ ನಮ್ಮ ಹಳ್ಳಿಗಳಿಗೆ ಹತ್ತಿದ್ದು ಹಾಗೆ.

ನಾನು ಕೊಂಡ ಗಾಡಿ ಗೋವಿಂದನಹಳ್ಳಿಯ ಕೊಟ್ಟಿಗೆಯಲ್ಲಿ ಹುಲ್ಲಿನ ಪಕ್ಕ ನಿಂತಿತ್ತು. ಬೆಲೆಯ ಮಾತಿಗೆ ಮೊದಲು ಯಜಮಾನರು ಕೇಳಿದರು: "ಬಿಚ್ಚಿ ಮಾರ್ಕತೀಯೋ, ಓಡುಸ್ತೀಯೋ?"

"ಓಡುಸ್ತೀನಿ ಗೌಡ್ರೆ."

"ಹಂಗಾದ್ರೆ ತಕಂಡೋಗಪ್ಪ."

ಅವರ ಪ್ರಶ್ನೆ ಸರಿಯಾಗಿತ್ತು. ಈಗ ಒಳ್ಳೆಯ ಬಿಡಿಭಾಗಕ್ಕಿರುವ ಬೇಡಿಕೆಯಲ್ಲಿ ಎಷ್ಟೋ ಗಾಡಿಗಳು ಚೂರುಚೂರಾಗಿ ಹೋಗಿವೆ. ಇಂಜಿನ್ ಮೇಲೆ 1ಎಲ್1 ಎಂದು ಶುರುವಾಗುವ ನಂಬರನ್ನೂ ಚಾಸಿಸ್ ನಂಬರನ್ನೂ ಟಾರ್ಚ್ ಹಿಡಿದು ಆರ್‌ಸಿಯೊಡನೆ ತಾಳೆ ನೋಡಿದೆ. ಎರಡೂ ಕೂಡಿದವು. ಹುಟ್ಟಿದಾಗಿನ ಇಂಜಿನ್, ಹುಟ್ಟಿದಾಗಿನ ಚಾಸಿಸ್.

ಅದೇ ಊರಿನಲ್ಲಿ 1238ರ ಸುಮಾರಿಗೆ, ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ ಕಟ್ಟಿದ ಪಂಚಲಿಂಗೇಶ್ವರ ಗುಡಿ ಇದೆ. ಸಾಲಾಗಿ ಐದು ಗರ್ಭಗುಡಿ, ಐದು ಶಿಖರ. ಇಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮ ಹೊಯ್ಸಳರ ಹಲವು ಗುಡಿಗಳಲ್ಲಿ ತನ್ನ ಹೆಸರು ಕೆತ್ತಿ ಹೋದವನು. ಅವನ ಉಳಿಯ ಗುರುತಿರುವ ಕಲ್ಲನ್ನು ಉಜ್ಜಿ ನುಣುಪು ಮಾಡಿದರೆ ಗುಡಿ ಹೊಸದಾದೀತು, ಮಲ್ಲಿತಮ್ಮ ಇರುವುದಿಲ್ಲ. ಗಾಡಿಯಲ್ಲಿ ಏನನ್ನು ಮುಟ್ಟಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸಿದ್ದು ಆ ಗುಡಿಯ ಗೋಡೆಯ ಮುಂದೆ ನಿಂತು.

ಇಂಜಿನ್ ಸೀಜ್ ಆಗಿತ್ತು. ಬೋರ್ 50 ಮಿಲಿಮೀಟರ್, ಸ್ಟ್ರೋಕ್ ಕೂಡ 50. ಒಟ್ಟು 98 ಸಿಸಿ, 11 ಅಶ್ವಶಕ್ತಿ. ಗಾಡಿಯ ತೂಕವೋ 103 ಕೆ.ಜಿ. ಮಾತ್ರ. ಟೂ ಸ್ಟ್ರೋಕ್ ಆದ್ದರಿಂದ ಕ್ರ್ಯಾಂಕಿನ ಸುತ್ತುಸುತ್ತಿಗೂ ಒಂದು ಸಿಡಿತ. ಹಗುರ ಮೈಗೆ ಇಷ್ಟು ಸಿಕ್ಕರೆ ಅದು ಚಿಮ್ಮದೆ ಏನು ಮಾಡೀತು! ಪೇಟೆಯ ಮೆಕ್ಯಾನಿಕ್ಕು ಕ್ರ್ಯಾಂಕ್ ಬಿಚ್ಚಿ ಮೊದಲು ತೋರಿಸಿದ್ದು ಆಯಿಲ್ ಸೀಲು. ಇಷ್ಟು ದಿನ ನಿಂತು ಒಣಗಿ ಬಿರುಕು ಬಿಟ್ಟಿತ್ತು. ಅಲ್ಲಿಂದ ಗಾಳಿ ಎಳೆದುಕೊಂಡರೆ ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಕಾಯುತ್ತದೆ, ಪಿಸ್ಟನ್ ಮತ್ತೆ ಹಿಡಿಯುತ್ತದೆ. ಸೀಲು, ಬೇರಿಂಗು, ಕನೆಕ್ಟಿಂಗ್ ರಾಡ್ ಎಲ್ಲ ಹೊಸದು ಬಂತು. ಕೆಲವಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಬೇಕಾಯಿತು. ಸಿಲಿಂಡರನ್ನು ಬೋರ್ ಮಾಡಿಸಿ ಒಂದು ಸೈಜು ದಪ್ಪ ಪಿಸ್ಟನ್ ಹಾಕಿದೆವು. ಆಯಿಲ್ ಪಂಪು ಶುದ್ಧ ಮಾಡಿದ ಮೇಲೆ ಸರಿಯಾಗಿ ಎಣ್ಣೆ ಕೊಟ್ಟಿತು.

ಬ್ರೇಕು, ಬೇರಿಂಗು, ವೈರಿಂಗಿನಲ್ಲಿ ಹಳೆಯದರ ಮೇಲೆ ಮೋಹ ಬೇಡ. ಅಲ್ಲಿ ಪ್ರಾಣದ ಪ್ರಶ್ನೆ. ಮಡ್‌ಗಾರ್ಡಿನ ಕ್ರೋಮು ತುಕ್ಕು ತಿಂದು ತೂತಾಗಿತ್ತು, ಅದೂ ಹೋಯಿತು. ಟ್ಯಾಂಕಿಗೆ ಹೊಸ ಬಣ್ಣ ಹೊಡೆಸು ಎಂದು ನೋಡಿದವರೆಲ್ಲ ಹೇಳಿದರು. ಗೌಡರ ಮೊಣಕಾಲು ತಾಗಿ ತಾಗಿ ಬಣ್ಣ ಸವೆದಿರುವ ಜಾಗ, ಹಿಂದಿನ ಹಿಡಿಕೆಯಲ್ಲಿ ಹಾಲಿನ ಕ್ಯಾನಿನ ಹಗ್ಗ ಕೊರೆದ ಗೆರೆ, ಇವು ಯಾವ ಅಂಗಡಿಯಲ್ಲಿ ಸಿಗುತ್ತವೆ? ತೊಳೆದು ಮೇಣ ಸವರಿ ಹಾಗೇ ಬಿಟ್ಟೆ.

ಸೈಲೆನ್ಸರ್ ವಿಷಯದಲ್ಲಿ ಮಾತ್ರ ನಮ್ಮ ಹುಡುಗರೊಡನೆ ನನಗೆ ಜಗಳವಿದೆ. ಒಳಗಿನ ಬ್ಯಾಫಲ್ ಕಿತ್ತರೆ ಗಾಡಿ ಅಬ್ಬರಿಸುತ್ತದೆ, ನಿಜ. ಆದರೆ ಟೂ ಸ್ಟ್ರೋಕ್ ಇಂಜಿನ್ನಿಗೆ ಹೊಗೆ ಹೊರಹೋಗುವ ದಾರಿಯೂ ಇಂಜಿನ್ನಿನದೇ ಭಾಗ. ಸಿಲಿಂಡರಿನಿಂದ ತಾಜಾ ಪೆಟ್ರೋಲ್ ಹೊರಗೆ ಸೋರದಂತೆ ತಡೆಯುವ ಒತ್ತಡ ಅಲ್ಲಿಂದಲೇ ಹುಟ್ಟುತ್ತದೆ. ಅದನ್ನು ಲೆಕ್ಕ ಹಾಕಿ ಮಾಡಿದವರ ಕೆಲಸವನ್ನು ಸದ್ದಿಗಾಗಿ ಕೆಡಿಸುವುದನ್ನು ನಾನು ಸಹಿಸಲಾರೆ. ಕರಿ ಸುಟ್ಟು, ಕೆರೆದು, ಬ್ಯಾಫಲ್ಲನ್ನು ಮತ್ತೆ ಅದರ ಜಾಗದಲ್ಲೇ ಕೂರಿಸಿದೆವು.