ಕೆತ್ತನೆಯ ಪತ್ರಿಕೆ, ಸಕ್ಕರೆಯ ಗಿಳಿ

ಮರಗೆತ್ತನೆಯ ಪತ್ರಿಕೆಯನ್ನು ಹವ್ಯಾಸಿ ಓದುವುದಕ್ಕಿಂತ ಸವರುವುದೇ ಹೆಚ್ಚು. ಅಂಚೆಯಲ್ಲಿ ಬಂದ ಸಂಚಿಕೆಯನ್ನು ಮೊದಲ ಪುಟದಿಂದ ಕ್ರಮವಾಗಿ ಓದಿಕೊಂಡು ಹೋಗುವವರು ಅಪರೂಪ. ಮೊದಲು ಚಿತ್ರಗಳು, ಆಮೇಲೆ ಉಳಿಗಳ ಜಾಹೀರಾತು, ಆಮೇಲೆ ಓದುಗರ ಪತ್ರ. ಹೇಗೆ ಕೆತ್ತಬೇಕೆಂದು ಹಂತಹಂತವಾಗಿ ತಿಳಿಸುವ ಮುಖ್ಯ ಲೇಖನದ ಸರದಿ ಕೊನೆಗೆ. ಅಲ್ಲಿಗೆ ಬಂದಾಗ ಓದುಗನ ಹೆಬ್ಬೆರಳು ತಾನಾಗಿ ಚಿತ್ರದ ಮೇಲೆ ಓಡಾಡತೊಡಗುತ್ತದೆ. ಎಲೆಯ ನಡುನರದಿಂದ ಅಂಚಿಗೆ, ಅಂಚಿನಿಂದ ಮತ್ತೆ ನರಕ್ಕೆ. ಮರದ ಎಳೆ ಎತ್ತ ಓಡಿದೆ, ಉಳಿ ಯಾವ ಕಡೆಯಿಂದ ಬಂದರೆ ಸಿಬಿರು ಏಳುವುದಿಲ್ಲ ಎಂಬ ಲೆಕ್ಕ ಅದು. ಪಕ್ಕದಲ್ಲಿ ಕೂತವರಿಗೆ ಇದು ಓದು ಅನ್ನಿಸದು, ಕಾಗದಕ್ಕೆ ಎಣ್ಣೆ ತಿಕ್ಕುತ್ತಿರುವ ಹಾಗೆ ಕಾಣುತ್ತದೆ.

ಈ ಬಗೆಯ ಪತ್ರಿಕೆಗಳಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಡೆರೆಹ್ಯಾಮ್ ಎಂಬ ಸಣ್ಣ ಊರಿನ ಕಂಪನಿಯೊಂದು 1895ರಲ್ಲಿ ‘ಹಾಬೀಸ್’ ಎಂಬ ವಾರಪತ್ರಿಕೆ ಹೊರಡಿಸಿತು. ಸಂಚಿಕೆಯೊಡನೆ ಬಿಟ್ಟಿಯಾಗಿ ನಕ್ಷೆಯ ಹಾಳೆ. ಆ ನಕ್ಷೆ ಕೊರೆಯಲು ಬೇಕಾದ ಸಣ್ಣ ಗರಗಸ, ಹಲಗೆ ಎಲ್ಲವನ್ನೂ ಅದೇ ಕಂಪನಿ ಮಾರುತ್ತಿತ್ತು. ಹಾಳೆ ಬಿಟ್ಟಿ, ಹಲಗೆಗೆ ಕಾಸು. 1901ರಲ್ಲಿ ‘ದ ವುಡ್‌ವರ್ಕರ್’ ಬಂತು. ಕೆತ್ತನೆಯೊಂದಕ್ಕೇ ಮೀಸಲಾದ ಪತ್ರಿಕೆಗಳು ಬಂದದ್ದು ತಡವಾಗಿ. ಅಮೆರಿಕದಲ್ಲಿ 1953ರಲ್ಲಿ ಹುಟ್ಟಿದ ಕೆತ್ತನೆಗಾರರ ಸಂಘ ತನ್ನ ಪತ್ರಿಕೆಗೆ ಇಟ್ಟ ಹೆಸರು ‘ಚಿಪ್ ಚಾಟ್ಸ್’. ಕನ್ನಡದಲ್ಲಿ ಹೇಳುವುದಾದರೆ ಚಕ್ಕೆ ಹರಟೆ, ಮೂಲಕ್ಕಿಂತ ಒಂದು ಕೈ ಮೇಲು. ಇಂಗ್ಲೆಂಡಿನ ಲೂಯಿಸ್ ಪಟ್ಟಣದಿಂದ ‘ವುಡ್‌ಕಾರ್ವಿಂಗ್’ 1992ರಲ್ಲಿಯೂ ಪೆನ್ಸಿಲ್ವೇನಿಯಾದಿಂದ ‘ವುಡ್‌ಕಾರ್ವಿಂಗ್ ಇಲಸ್ಟ್ರೇಟೆಡ್’ 1997ರಲ್ಲಿಯೂ ಹೊರಟವು.

ಕನ್ನಡ ನಾಡಿನಲ್ಲಿ ಇಂಥ ಪತ್ರಿಕೆ ಬೇಕು ಎಂದು ಯಾರಿಗೂ ಅನ್ನಿಸಿದಂತಿಲ್ಲ. ಸಾಗರ, ಸೊರಬ, ಶಿರಸಿಯ ಗುಡಿಗಾರರಿಗೆ ನಕ್ಷೆ ಇದ್ದದ್ದು ಕೈಯಲ್ಲಿ. ಅಪ್ಪ ಗಂಧದ ತುಂಡಿನ ಮೇಲೆ ಬಳ್ಳಿಯೊಂದನ್ನು ಎಳೆಯುವುದನ್ನು ಮಗ ನೋಡುತ್ತ ಬೆಳೆಯುತ್ತಿದ್ದ, ಅಷ್ಟೆ. ಹಂತ ಒಂದು, ಹಂತ ಎರಡು ಎಂದು ಬಿಡಿಸಿ ಬರೆದರೆ ಅವರಿಗೆ ನಗು ಬಂದೀತು. ಅವರ ಬಳಿ ಕಸವೂ ಕಸವಲ್ಲ, ಶ್ರೀಗಂಧದ ಚಕ್ಕೆ ಎಣ್ಣೆಗೋ ಧೂಪಕ್ಕೋ ಹೋಗುತ್ತದೆ. ನೋಡಿ ಕಲಿಯಲು ಎದುರಿಗೆ ಯಾರೂ ಇಲ್ಲದವನಿಗಾಗಿ ಹುಟ್ಟಿದ್ದು ಪತ್ರಿಕೆ.

ಆಮ್ಸ್ಟೆಲ್‌ವೀನ್ ಅಂಥವರಿರುವ ಊರು. ಆಮ್ಸ್ಟರ್‌ಡಾಮಿನ ದಕ್ಷಿಣಕ್ಕೆ ಅಂಟಿಕೊಂಡಿರುವ ಇಲ್ಲಿ ಭಾರತದಿಂದ ಬಂದ ಸಾಫ್ಟ್‌ವೇರ್ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ, ಕನ್ನಡದ ಮನೆಗಳೂ ಉಂಟು. ಊರಿಗೆ ತಾಗಿದ ‘ಆಮ್ಸ್ಟರ್‌ಡಾಮ್ಸೆ ಬೋಸ್’ ಎಂಬ ಕಾಡು ಕೂಡ ತಾನಾಗಿ ಬೆಳೆದದ್ದಲ್ಲ. 1934ರಿಂದ ನಿರುದ್ಯೋಗಿಗಳಿಗೆ ಕೂಲಿ ಕೊಟ್ಟು, ಸಮುದ್ರ ಮಟ್ಟಕ್ಕಿಂತ ತಗ್ಗಾದ ನೆಲದಲ್ಲಿ ನೆಡಿಸಿದ್ದು. ಕಾಡನ್ನೂ ಕೈಯಿಂದ ಮಾಡಿದ ಜಾಗದಲ್ಲಿ ಕೈಕೆಲಸದ ಚಪಲ ಹತ್ತುವುದು ಸಹಜ. ಡಿಸೆಂಬರಿನಲ್ಲಿ ಬೆಳಗಿನ ಎಂಟೂ ಮುಕ್ಕಾಲಿಗೆ ಹುಟ್ಟಿದ ಸೂರ್ಯ ಸಂಜೆ ನಾಲ್ಕೂವರೆಗೆ ಮುಳುಗಿರುತ್ತಾನೆ. ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ, ದೀಪ ಹಚ್ಚಿ, ಪತ್ರಿಕೆ ಬಿಡಿಸಿ ಕೂರಲು ಸಂಜೆಗಳು ಧಾರಾಳ. ಕೊಡತಿ ಹಿಡಿದು ಹೊಡೆಯುವಂತಿಲ್ಲ. ಕೆಳಗಿನ ಮನೆಯವರು ಮೊದಲ ದಿನ ನಗುತ್ತಾರೆ, ಎರಡನೆಯ ದಿನ ಕರೆಗಂಟೆ ಒತ್ತುತ್ತಾರೆ. ಹೀಗಾಗಿ ಅಪಾರ್ಟ್‌ಮೆಂಟಿನ ಕೆತ್ತನೆ ಎಂದರೆ ಅಂಗೈಯಿಂದ ಉಳಿಯನ್ನು ಒತ್ತಿ ದೂಡುವ ಕೆತ್ತನೆ.

ಓದಿನ ತೊಡಕು ಮರದ ಹೆಸರಿನಿಂದಲೇ ಶುರು. ಇಂಗ್ಲಿಷ್ ಪತ್ರಿಕೆ ‘ಲೈಮ್’ ಮರ ತೆಗೆದುಕೊಳ್ಳಿ ಅನ್ನುತ್ತದೆ. ಕನ್ನಡದ ಓದುಗನಿಗೆ ಮೊದಲು ನಿಂಬೆ, ಆಮೇಲೆ ಸುಣ್ಣ ನೆನಪಾಗುತ್ತದೆ. ಅದು ಎರಡೂ ಅಲ್ಲ. ಅಮೆರಿಕದ ಪತ್ರಿಕೆ ‘ಬಾಸ್‌ವುಡ್’ ಎನ್ನುವುದು, ಡಚ್ಚರು ‘ಲಿಂಡೆ’ ಎನ್ನುವುದು ಅದೇ ಕುಲದ ಮರಗಳನ್ನು. ನಸು ಬಿಳುಪು, ಮೆದು, ಎಳೆ ಎದ್ದು ಕಾಣದ ಮರ. ಯಾವ ದಿಕ್ಕಿಗೆ ಉಳಿ ನೂಕಿದರೂ ಮುನಿಸು ಕಡಿಮೆ. ರೋಟರ್‌ಡಾಮಿನಲ್ಲಿ 1648ರಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋದ ಗ್ರಿನ್ಲಿಂಗ್ ಗಿಬ್ಬನ್ಸ್ ಈ ಮರದಲ್ಲೇ ಹೂಹಣ್ಣಿನ ಗೊಂಚಲುಗಳನ್ನು ಕಾಗದದಷ್ಟು ತೆಳುವಾಗಿ ಬಿಡಿಸಿದ. ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ 1986ರಲ್ಲಿ ಬೆಂಕಿ ಬಿದ್ದು ಅವನ ಕೆಲಸ ಸುಟ್ಟಾಗ, ಸುಟ್ಟ ಭಾಗವನ್ನು ಮತ್ತೆ ಕೆತ್ತಿಕೊಟ್ಟವನು ಡೇವಿಡ್ ಎಸ್ಟರ್ಲಿ ಎಂಬ ಅಮೆರಿಕನ್. ಅವನೂ ಬಲ್ಲ ಗುರುವಿಲ್ಲದೆ, ಗಿಬ್ಬನ್ಸ್‌ನ ಕೆಲಸವನ್ನು ನೋಡಿ ನೋಡಿಯೇ ಕೈ ಪಳಗಿಸಿಕೊಂಡವನು.

ಹೆಸರಿನ ನಂತರ ಅಂಕಿ. ಬಾಗಿದ ಬಾಯಿಯ ಉಳಿಗಳಿಗೆ ಶೆಫೀಲ್ಡಿನವರು 3ರಿಂದ 11ರವರೆಗೆ ಅಂಕಿ ಕೊಟ್ಟಿದ್ದಾರೆ. 3 ಎಂದರೆ ಬಹುಪಾಲು ಚಪ್ಪಟೆ, 11 ಎಂದರೆ ದೋಣಿಯಂತೆ ಆಳ. ಸ್ವಿಸ್ ಉಳಿಯ ಮೇಲಿನ ಅದೇ ಅಂಕಿಗೆ ಬಾಗು ಅಷ್ಟೇ ಇರಬೇಕೆಂದಿಲ್ಲ. ಅಮೆರಿಕದ ಲೇಖನ ಅರ್ಧ ಇಂಚು ಎಂದರೆ ಆಮ್ಸ್ಟೆಲ್‌ವೀನ್‌ನಲ್ಲಿ ಸಿಗುವುದು 12 ಮಿಲಿಮೀಟರಿನದು. ಅನುಭವಿ ಓದುಗ ಈ ಪಟ್ಟಿಯನ್ನು ಅಡುಗೆ ಪುಸ್ತಕದ ಪಟ್ಟಿಯಂತೆ ಓದುತ್ತಾನೆ: ಇದ್ದುದರಲ್ಲಿ ಆಗುತ್ತದೆ. ಹೊಸಬ ಮಾತ್ರ ಹೇಳಿದ ಏಳೂ ಉಳಿಗಳನ್ನು ತರಿಸಿ, ಎರಡನ್ನು ಬಳಸಿ, ಐದನ್ನು ಮನೆಯವರ ಕಣ್ಣಿಗೆ ಬೀಳದಂತೆ ಇಡುವ ಜಾಗ ಹುಡುಕುತ್ತಾನೆ.

ಚಿತ್ರವನ್ನು ಓದುವುದು ಇವೆರಡಕ್ಕಿಂತ ಸೂಕ್ಷ್ಮ. ಉಬ್ಬು ಕೆತ್ತನೆಯ ಛಾಯಾಚಿತ್ರಕ್ಕೆ ಬೆಳಕು ಸಾಮಾನ್ಯವಾಗಿ ಮೇಲಿನ ಎಡಗಡೆಯಿಂದ. ಕಣ್ಣಿಗೆ ಬೆಳಕು ಮೇಲಿನಿಂದ ಬರುವುದೇ ರೂಢಿಯಾದ್ದರಿಂದ ಪುಟವನ್ನು ತಲೆಕೆಳಗು ಮಾಡಿದರೆ ಉಬ್ಬು ತಗ್ಗಾಗುತ್ತದೆ, ತಗ್ಗು ಉಬ್ಬಾಗುತ್ತದೆ. ಇದರ ಮೋಜು ಪೂರ್ತಿ ತಿಳಿಯುವುದು ಡಚ್ಚರ ಸ್ಪೆಕ್ಯುಲಾಸ್ ಹಲಗೆಯ ಚಿತ್ರ ಎದುರಾದಾಗ. ಡಿಸೆಂಬರ್ 5ರ ಸಿಂಟರ್‌ಕ್ಲಾಸ್ ಹಬ್ಬದ ಹೊತ್ತಿಗೆ ಮಾಡುವ ಈ ಮಸಾಲೆ ಬಿಸ್ಕತ್ತಿಗೆ ಗಾಳಿಗಿರಣಿ, ಹಡಗು, ಗಂಡುಹೆಣ್ಣಿನ ಜೋಡಿಯ ರೂಪ ಕೊಡಲು ಪಿಯರ್ ಅಥವಾ ಬೀಚ್ ಮರದಲ್ಲಿ ಒಳಮುಖವಾಗಿ ಕೆತ್ತಿದ ಅಚ್ಚು ಬೇಕು. ಹೆಸರು ಕನ್ನಡಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದಿರಬಹುದೆಂಬ ಊಹೆಯೂ ಇದೆ. ಹೌದಾದರೆ ತಕ್ಕ ಹೆಸರು. ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗು, ಮೂಗು ಹಳ್ಳ, ಅಕ್ಷರ ಉಲ್ಟಾ.

ಕನ್ನಡದ ಓದುಗ ಸಟ್ಟನೆ ನಿಲ್ಲುವುದು ಈ ಪುಟದಲ್ಲಿ. ಅಚ್ಚು ಅವನಿಗೆ ಗೊತ್ತು. ಊರಿನ ಅಟ್ಟದ ಮೇಲೆ, ಸಂಕ್ರಾಂತಿಗೆ ಮಾತ್ರ ಕೆಳಗಿಳಿಯುವ ಡಬ್ಬದಲ್ಲಿ, ದಾರ ಸುತ್ತಿಟ್ಟ ಮರದ ಜೋಡಿ ತುಂಡುಗಳಿದ್ದವು: ಆನೆ, ಗಿಳಿ, ತುಳಸಿಕಟ್ಟೆ. ಅವನ್ನು ನೀರಿನಲ್ಲಿ ನೆನೆಸಿ, ಬಿಗಿಯಾಗಿ ಕಟ್ಟಿ, ಹಾಲು ಹಾಕಿ ಕೊಳೆ ತೆಗೆದ ಸಕ್ಕರೆ ಪಾಕ ಬೆಳ್ಳಗಾಗುವ ಹೊತ್ತಿಗೆ ಸರಿಯಾಗಿ ಸುರಿದರೆ ಸಕ್ಕರೆ ಅಚ್ಚು. ಎಳ್ಳು ಬೀರುವ ತಟ್ಟೆ ಆಮ್ಸ್ಟೆಲ್‌ವೀನ್‌ನಲ್ಲೂ ಮನೆಯಿಂದ ಮನೆಗೆ ಹೋಗುತ್ತದೆ. ಅಚ್ಚು ಮಾತ್ರ ಸೂಟ್‌ಕೇಸಿನಲ್ಲಿ ಬರಬೇಕು. ಡಚ್ ಬಿಸ್ಕತ್ತಿನ ಪಾಠ ಓದಿ ಗಿಳಿಯ ಅಚ್ಚು ಕೆತ್ತುವ ಯೋಚನೆ ಅಲ್ಲಿ ಹುಟ್ಟುತ್ತದೆ.

ಪಾಠದ ಜೀವಾಳ ಒಂದೇ: ಹಳ್ಳದ ಗೋಡೆ ಬಾಯಿಯ ಕಡೆಗೆ ಅಗಲವಾಗುತ್ತ ಬರಬೇಕು. ಎಲ್ಲಿಯೂ ಒಳಕ್ಕೆ ಸರಿಯಬಾರದು, ಸರಿದರೆ ಒಳಗಿದ್ದದ್ದು ಸಿಕ್ಕಿಹಾಕಿಕೊಳ್ಳುತ್ತದೆ. ಬಿಸ್ಕತ್ತಿನ ಹಿಟ್ಟು ಮೆತ್ತಗೆ, ಬಾಗಿ ಬಳುಕಿ ಹೊರಬರುತ್ತದೆ. ಒಂದು ಕೂದಲೆಳೆಯ ತಪ್ಪನ್ನು ಕ್ಷಮಿಸುತ್ತದೆ. ಸಕ್ಕರೆ ಕ್ಷಮಿಸುವುದಿಲ್ಲ. ಆದ್ದರಿಂದ ಕೆತ್ತುವವನು ಆಗಾಗ ನಾದಿದ ಗೋದಿಹಿಟ್ಟಿನ ಉಂಡೆಯನ್ನು ಹಳ್ಳಕ್ಕೆ ಒತ್ತಿ ಎತ್ತಿ ನೋಡಬೇಕು. ಹಿಟ್ಟಿನ ಅಂಚು ಎಲ್ಲಿ ಹರಿದಿದೆಯೋ ಅಲ್ಲಿ ಗೋಡೆ ಒಳಸರಿದಿದೆ. ಎರಡು ಹೋಳುಗಳ ಅಚ್ಚಿಗೆ ಇನ್ನೊಂದು ಫಜೀತಿ: ಗಿಳಿಯ ಎರಡು ಮೈಗಳೂ ಒಂದಕ್ಕೊಂದು ಕೂಡಬೇಕು. ನಕ್ಷೆಯ ಹಾಳೆಯನ್ನು ಒಂದು ಹೋಳಿಗೆ ನೇರವಾಗಿಯೂ ಇನ್ನೊಂದಕ್ಕೆ ಮಗುಚಿಯೂ ಅಂಟಿಸಬೇಕೆಂಬುದು ಮರೆತರೆ, ಎರಡು ಎಡಮೈಗಳ ಗಿಳಿ ಸಿದ್ಧ.

ಮೊದಲ ವರ್ಷದ ಅಚ್ಚಿನಲ್ಲಿ ಗಿಳಿಯ ಬಾಲ ಹೊರಗೆ ಬರುವುದಿಲ್ಲ. ಮೂರು ಸಲ ಸುರಿದರೂ ಬಾಲದ ಬುಡದಲ್ಲೇ ಮುರಿಯುತ್ತದೆ. ಎಳ್ಳಿನ ತಟ್ಟೆಗೆ ಬೆಂಗಳೂರಿನಿಂದ ಬಂದ ಡಬ್ಬದ ಆನೆಗಳು ಏರುತ್ತವೆ. ಬಾಲವಿಲ್ಲದ ಗಿಳಿಗಳನ್ನು ಮಕ್ಕಳು ಅಡುಗೆಮನೆಯಲ್ಲೇ ತಿಂದು ಮುಗಿಸುತ್ತಾರೆ. ಪತ್ರಿಕೆಯ ಆ ಪುಟದ ಮೂಲೆಯಲ್ಲಿ ಪಾಕದ ಹನಿಯೊಂದು ಒಣಗಿ ಗಟ್ಟಿಯಾಗಿ, ಪಕ್ಕದ ಪುಟವನ್ನು ಹಿಡಿದುಕೊಂಡಿರುತ್ತದೆ.